ಬಿಳಿಯಲ್ಲಿ ನೀಲಿಯ ಪಾಲು

ನಾನು ಪಿಕ್ಸೆಲ್ ಡಿಸೈನ್ ಮಾಡುತ್ತೇನೆ ಎಂದು ಹೇಳಿದಾಗಲೆಲ್ಲ ನಮ್ಮ ನೆಂಟರಿಷ್ಟರು ಮದುವೆ ಕಾರ್ಡು ಮಾಡಿಕೊಡು ಎಂದು ಕೇಳಿದ್ದಾರೆ. ಒಬ್ಬರಂತೂ ಗೃಹಪ್ರವೇಶದ ಬ್ಯಾನರಿಗೆ ಫೋಟೋ ಕಳಿಸಿಯೇ ಬಿಟ್ಟಿದ್ದರು. ಟು ಬಿ ವೆರಿ ಫ್ರಾಂಕ್, ಒಂದೆರಡು ಸಲ ಮಾಡಿಯೂ ಕೊಟ್ಟೆ. ಕೆಲಸ ಏನೆಂದು ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ, ಟೈಮ್ ಇದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳು ಸರ್ಕ್ಯೂಟು, ಸಾಫ್ಟ್‌ವೇರು ಎಲ್ಲ ಚೆನ್ನಾಗಿ ಕಲಿತೇ ಬರುತ್ತಾರೆ. ಈ ಕೆಲಸದ ಭಯ ಎಂಥದ್ದು ಎಂದು ಮಾತ್ರ ಯಾರೂ ಅವರಿಗೆ ಹೇಳಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪಿಕ್ಸೆಲ್ ಅಂದರೆ ಏನು ಎನ್ನುವುದು. ನಿಮ್ಮ ಫೋನಿನಲ್ಲಿ ಬಿಳಿ ಎಂದು ಕಾಣುವ ಜಾಗದಲ್ಲಿ ಬಿಳಿ ಬಣ್ಣವೇ ಇರುವುದಿಲ್ಲ. ಕೆಂಪು, ಹಸಿರು, ನೀಲಿ ಎಂಬ ಮೂರು ಚುಕ್ಕೆಗಳು ಒಟ್ಟಿಗೆ ಹೊಳೆಯುತ್ತವೆ, ಕಣ್ಣು ಅದನ್ನು ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಓಎಲ್‌ಇಡಿ ಪರದೆಯ ವಿಶೇಷವೆಂದರೆ ಹಿಂದೆ ಬೇರೆ ದೀಪವಿಲ್ಲ, ಪ್ರತಿ ಚುಕ್ಕೆಯೂ ತನ್ನ ಬೆಳಕನ್ನು ತಾನೇ ಕೊಡುತ್ತದೆ. ಆ ಮೂವರಲ್ಲಿ ನೀಲಿಯೇ ಬಹಳ ಡೆಲಿಕೇಟ್, ಎಲ್ಲರಿಗಿಂತ ಮೊದಲು ಸವೆಯುತ್ತದೆ. ಆದ್ದರಿಂದ ನೀಲಿಗೆ ಜಾಗ ಜಾಸ್ತಿ ಕೊಡಬೇಕು. ಜಾಗ ಜಾಸ್ತಿ ಇದ್ದರೆ ಕಡಿಮೆ ಕರೆಂಟಿನಲ್ಲಿ ಅಷ್ಟೇ ಬೆಳಕು ಸಿಗುತ್ತದೆ, ಆಯಸ್ಸು ಉಳಿಯುತ್ತದೆ. ಆದರೆ ಆ ಜಾಗ ಎಲ್ಲಿಂದ ಬರಬೇಕು? ಕೆಂಪು, ಹಸಿರುಗಳಿಂದಲೇ ಕಿತ್ತುಕೊಳ್ಳಬೇಕು. ಮೂವತ್ತು ನಲವತ್ತರ ಸೈಟಿನಲ್ಲಿ ಮೂರು ಮನೆ ಕಟ್ಟಿದ ಹಾಗೆ ಈ ಕೆಲಸ. ಮನೆಮನೆಯ ನಡುವೆ ಸಂದಿ ಬಿಡಲೇಬೇಕು, ಬಿಡದಿದ್ದರೆ ಒಂದರ ಬಣ್ಣ ಇನ್ನೊಂದರೊಳಕ್ಕೆ ಸೋರುತ್ತದೆ. ಪರದೆ ಹೈ ರೆಸಲ್ಯೂಷನ್ ಆದಷ್ಟೂ ಸೈಟು ಚಿಕ್ಕದಾಗುತ್ತಾ ಹೋಗುತ್ತದೆ. ಕೊನೆಗೆ ಸೈಟು ಕೂದಲೆಳೆಗಿಂತ ಎಷ್ಟೋ ಸಣ್ಣದು, ಆದರೆ ಜಗಳ ಅದೇ.

ನನ್ನ ಮೊದಲ ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಪ್ಪ ಸರಕಾರಿ ಕಾರ್ಖಾನೆಯವರು, ನಾವು ಕ್ವಾರ್ಟರ್ಸಿನಲ್ಲಿ ಬೆಳೆದವರು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಸೂತಿ ಕಲಿಸಿ, ನನ್ನ ಕೈ ವೆರಿ ಸ್ಟೆಡಿ ಎಂದು ಹೊಗಳಿದ್ದರು. ಆ ಕೈ ಪೀಣ್ಯದಲ್ಲಿ ಉಪಯೋಗಕ್ಕೆ ಬಂತು. ತೂಕದ ಯಂತ್ರಗಳ ಮೇಲೆ ಹೊಳೆಯುವ ಕೆಂಪು ಅಂಕಿಗಳನ್ನು ನಾವು ಮಾಡುತ್ತಿದ್ದೆವು. ಆಗ ಕಂಪ್ಯೂಟರ್ ಇಲ್ಲ. ದೊಡ್ಡ ಕೆಂಪು ಫಿಲ್ಮನ್ನು ಬೆಳಕಿನ ಮೇಜಿನ ಮೇಲೆ ಹರಡಿ, ಬ್ಲೇಡಿನಿಂದ ಕೊಯ್ದು, ಬೇಡದ ಭಾಗವನ್ನು ಚಿಮಟದಿಂದ ಎತ್ತಿ ತೆಗೆಯಬೇಕಿತ್ತು. ಕೈ ಜಾರಿದರೆ ಇಡೀ ಹಾಳೆ ದಂಡ. ಹೊಸ ಮಕ್ಕಳು ಒಂದು ಕೀ ಒತ್ತಿ ತಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಯಾಕೆಂದರೆ ಕೊನೆಗೊಂದು ದಿನ ಡ್ರಾಯಿಂಗ್ ಫ್ಯಾಕ್ಟರಿಗೆ ಹೋಗುತ್ತದೆ, ಅದರಂತೆ ಅಚ್ಚು ತಯಾರಾಗುತ್ತದೆ. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಕೀ ಯಾರ ಹತ್ತಿರವೂ ಇಲ್ಲ.

ಪೀಣ್ಯದಲ್ಲಿ ಗೋಪಾಲರಾಯರು ಎಂಬ ಸೂಪರ್‌ವೈಸರ್ ಇದ್ದರು. ಒಳ್ಳೆಯ ಮನುಷ್ಯ, ಆದರೆ ಮಾತು ಜಾಸ್ತಿ. ಪ್ರತಿ ಟ್ರೇಯನ್ನೂ ಮೊದಲು ತಾವು ನೋಡಿ, "ಏನ್ರಮ್ಮಾ, ಕ್ಲೀನಾಗಿದೆ ಅಲ್ವಾ?" ಎಂದು ನಮ್ಮ ಮುಂದೆ ಇಡುತ್ತಿದ್ದರು. ಸಾಲಾಗಿ ಕೂತ ಹುಡುಗಿಯರೆಲ್ಲ ಕ್ಲೀನಾಗಿದೆ ಸಾರ್ ಎನ್ನುತ್ತಿದ್ದೆವು. ಒಂದು ಸಲ ಗಿರಾಕಿಯಿಂದ ಮಾಲೆಲ್ಲ ವಾಪಸ್ ಬಂತು. ಎಂಟರ ಅಂಕಿಯಲ್ಲಿ ನಡುವಿನ ಗೆರೆ ಮಂಕಾಗಿತ್ತು. ಅಷ್ಟೂ ಜನ ನೋಡಿದ್ದೆವು, ಯಾರಿಗೂ ಕಂಡಿರಲಿಲ್ಲ. ರಾಯರು ಯಾರನ್ನೂ ಬೈಯಲಿಲ್ಲ. "ನಾನು ಮೊದಲು ಬಾಯಿ ಬಿಟ್ಟಿದ್ದೇ ತಪ್ಪಾಯ್ತು ಕಣ್ರಮ್ಮ. ನಿಮ್ಮ ಕಣ್ಣಿಗೆ ನನ್ನ ಮಾತು ಅಡ್ಡ ಬಂತು," ಅಂದರು. ಅಂದಿನಿಂದ ಎಲ್ಲರೂ ನೋಡಿ ಮುಗಿಸುವವರೆಗೆ ಅವರ ಬಾಯಿಗೆ ಬೀಗ.

ಈ ನಿಯಮವನ್ನು ನಾನು ಎಲೆಕ್ಟ್ರಾನಿಕ್ ಸಿಟಿಗೂ ತಂದೆ. ನನ್ನ ವೃತ್ತಿಯ ಕೊನೆಯ ದೊಡ್ಡ ಭಾಗ ಕಳೆದದ್ದು ಅಲ್ಲಿನ ಒಂದು ಡಿಸೈನ್ ಸೆಂಟರಿನಲ್ಲಿ. ಡ್ರಾಯಿಂಗ್ ಮಾಡುವುದು ನಾವು, ಪರದೆ ತಯಾರಾಗುವುದು ವಿದೇಶದ ಫ್ಯಾಕ್ಟರಿಯಲ್ಲಿ. ಮಾದರಿಗಳು ಕೊರಿಯರ್ ಡಬ್ಬಿಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಕತ್ತಲ ಕೋಣೆಯೊಂದಿತ್ತು. ಅದರಲ್ಲಿ ದಪ್ಪ ಬಟ್ಟೆಯ ಪರದೆ ಎಳೆದು ಮಾಡಿದ ಮೂರು ಗೂಡುಗಳು, ಪ್ರತಿ ಗೂಡಿನಲ್ಲಿ ಅದೇ ಮಾದರಿಯ ಒಂದು ಸ್ಕ್ರೀನು, ಅದರ ಮುಂದೆ ಒಂದು ಕಣ್ಣಿಟ್ಟು ನೋಡುವ ಭೂತಗನ್ನಡಿ. ಮೂರರಲ್ಲೂ ಒಟ್ಟಿಗೆ ಒಂದೊಂದೇ ಚಿತ್ರ ಬರುತ್ತದೆ: ಬಿಳಿ, ಬೂದು, ಕೆಂಪು, ಹಸಿರು, ನೀಲಿ. ಮೂವರೂ ಮಾತಾಡದೆ ನೋಡಬೇಕು, ತಪ್ಪು ಕಂಡರೆ ಮಾತ್ರ ಮುಂದಿದ್ದ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಹೊರಗೆ ಬಂದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದುತ್ತಿದ್ದೆವು.

ಒಮ್ಮೆ ನಮ್ಮ ಆನಂದ, ಮಹದೇವಪುರದ ಹುಡುಗ, ಪರದೆಯ ತುಂಬ ಹಸಿರು ಛಾಯೆ ಇದೆ ಎಂದು ದೊಡ್ಡದಾಗಿ ಬರೆದುಕೊಂಡು ಬಂದ. ನೋಡಿದರೆ ಅವನು ಹಾಕಿದ್ದ ಗಿಣಿಹಸಿರು ಟೀಶರ್ಟು ಗಾಜಿನಲ್ಲಿ ಕಾಣುತ್ತಿತ್ತು. ಆಮೇಲೆ ಒಳಗೆ ಹೋಗುವವರೆಲ್ಲ ಕಪ್ಪು ಕೋಟು ಹಾಕಬೇಕೆಂದು ಮಾಡಿದೆವು. ಹೌಸ್‌ಕೀಪಿಂಗಿನ ಹೆಂಗಸು ಬಾಗಿಲಲ್ಲಿ ನಿಂತು, "ಒಳಗಡೆ ಏನಕ್ಕ, ಕೋರ್ಟು ನಡೀತೈತಾ?" ಎಂದು ಕೇಳಿದಳು. ಆನಂದ ಅವಳಿಗೆ, "ಹೂಂ ಕಣಕ್ಕ, ಇವತ್ತು ನಂದೇ ಕೇಸು," ಅಂದ.

ನಮ್ಮ ಮುಖ್ಯಸ್ಥರು ಮೂರ್ತಿ ಸರ್. ಅವರು ಮೀಟರನ್ನು ನಂಬುವ ಮನುಷ್ಯ. ಅವರ ನಂಬಿಕೆ ಬದಲಾದದ್ದು ಒಂದು ಕೇಸಿನಿಂದ, ಅದನ್ನು ಹೇಳಲೇಬೇಕು. ಪಕ್ಕಪಕ್ಕದ ಎರಡು ಪಿಕ್ಸೆಲ್‌ಗಳನ್ನು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಬರೆದರೆ ಒಂದೇ ಕರೆಂಟಿನ ತಂತಿ ಇಬ್ಬರಿಗೂ ಸಾಕಾಗುತ್ತದೆ, ಜಾಗ ಉಳಿಯುತ್ತದೆ. ಎಲ್ಲರೂ ಮಾಡುವ ಉಪಾಯವೇ. ಆದರೆ ಫ್ಯಾಕ್ಟರಿಯಲ್ಲಿ ಒಂದು ಪದರ ಸ್ವಲ್ಪ ಬಲಕ್ಕೆ ಸರಿದರೆ ಒಬ್ಬನಿಗೆ ಲಾಭವಾದದ್ದು ಅವನ ಬಿಂಬಕ್ಕೆ ನಷ್ಟ. ಒಂದು ಸಾಲು ಹೊಳೆಯುತ್ತದೆ, ಪಕ್ಕದ್ದು ಮಂಕಾಗುತ್ತದೆ. ಮೀಟರು ಒಂದೇ ಸಲಕ್ಕೆ ಎಷ್ಟೋ ಪಿಕ್ಸೆಲ್‌ಗಳನ್ನು ಸೇರಿಸಿ ಅಳೆಯುವುದರಿಂದ ಅದಕ್ಕೆ ಎಲ್ಲವೂ ಸಮವಾಗಿ ಕಂಡಿತ್ತು. ನನ್ನ ಕಣ್ಣಿಗೆ ಮಾತ್ರ ಸಣ್ಣ ಬಾಚಣಿಗೆ ಎಳೆದಂಥ ಗೆರೆಗಳು ಕಂಡವು. ನಾನು ಹಟ ಮಾಡಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಗೆರೆಗಳು ನಿಜವೇ ಇದ್ದವು. ಅಂದಿನಿಂದ ಯಾರು ಯಾವ ವರದಿ ತಂದರೂ ಮೂರ್ತಿ ಸರ್ ಬಾಯಲ್ಲಿ ಒಂದೇ ಮಾತು. "ಮೀಟರ್ ಹೇಳಿದ್ದು ಆಮೇಲೆ. ಲಲಿತಾ ಮೇಡಂ ಏನಂದ್ರು?" ಕೇಳಲು ಖುಷಿಯಾಗುತ್ತಿತ್ತು ಎಂದು ಬೇರೆ ಹೇಳಬೇಕೆ.

ಈಗ ರೇಣುಕಾಳ ವಿಷಯ. ಬಾಗಲಕೋಟೆ ಕಡೆಯ ಹುಡುಗಿ, ಚಂದಾಪುರದಲ್ಲಿ ಅಣ್ಣನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಅಣ್ಣನಿಗೆ ಅಲ್ಲೇ ಹತ್ತಿರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಅಲ್ಲಿಯವರೆಗೆ ನಮ್ಮ ಸೆಂಟರು ಬೇರೆಯವರು ಮಾಡಿದ ಪಿಕ್ಸೆಲ್‌ಗಳನ್ನು ತಿದ್ದಿಕೊಡುವ ಕೆಲಸವನ್ನಷ್ಟೇ ಮಾಡುತ್ತಿತ್ತು. ಮೊದಲ ಬಾರಿಗೆ, ಕಣ್ಣಿಗೆ ಕಟ್ಟಿಕೊಂಡು ನೋಡುವ ಒಂದು ಹೆಡ್‌ಸೆಟ್ಟಿನ ಪರದೆಗೆ, ಪೂರ್ತಿ ಪಿಕ್ಸೆಲ್ ನೀವೇ ಮಾಡಿ ಎಂದು ಕ್ಲಯಂಟ್ ಹೇಳಿದರು. ಬೆಂಕಿಪೊಟ್ಟಣದಷ್ಟು ಪರದೆ, ಆದರೆ ಲೆನ್ಸಿನ ಹಿಂದಿನಿಂದ ನೋಡಿದರೆ ಗೋಡೆಯಷ್ಟು ದೊಡ್ಡದು. ತಪ್ಪೂ ಗೋಡೆಯಷ್ಟೇ. ಮೂರ್ತಿ ಸರ್ ಕೆಲಸವನ್ನು ರೇಣುಕಾಳಿಗೆ ಕೊಟ್ಟರು, ಪರಿಶೀಲನೆ ನನ್ನದು. ಮೊದಲ ಮಾದರಿ ಒಂದು, ಅದನ್ನು ತಿದ್ದಿ ಕೊನೆಯ ಅಚ್ಚು ಒಂದು. ಮೂರನೆಯ ಅವಕಾಶ ಇಲ್ಲವೆಂದು ಕ್ಲಯಂಟ್ ಸ್ಪಷ್ಟವಾಗಿ ಹೇಳಿದ್ದರು. ಕೆಟ್ಟರೆ ಪಿಕ್ಸೆಲ್ ಕೆಲಸ ವಾಪಸ್ ಹೋಗುತ್ತದೆ, ನಾವು ಮತ್ತೆ ತಿದ್ದುವ ಕೆಲಸಕ್ಕೆ. ರೇಣುಕಾ ಕಾಂಟ್ರಾಕ್ಟ್ ಮೇಲಿದ್ದವಳು, ಅದು ಈ ಪ್ರಾಜೆಕ್ಟಿಗಾಗಿಯೇ ಆದದ್ದು. ಪ್ರಾಜೆಕ್ಟ್ ಹೋದರೆ ಅವಳೂ ಹೋಗುತ್ತಾಳೆ. ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಚೆನ್ನಾಗಿ ಮಾಡಿದಳು. ನೀಲಿಗೆ ಇನ್ನೂ ಸ್ವಲ್ಪ ಕೊಡು ಎಂದು ನಾನು ಹೇಳಿದಾಗ ಮೌಸ್ ಬಿಟ್ಟು ನನ್ನ ಕಡೆ ತಿರುಗಿದಳು. "ಇನ್ನೂ ಕೊಟ್ರ ಕೆಂಪಿಗೆ ನಿಲ್ಲಾಕೂ ಜಾಗ ಇರೂದಿಲ್ರಿ ಮೇಡಂ. ಪಾಪ, ಅದೂ ಬಾಳೇ ಮಾಡ್ಬೇಕಲ್ರಿ."

ಮಾದರಿ ಬಂತು. ನಾವು ಮೂವರೂ, ಅಂದರೆ ನಾನು, ರೇಣುಕಾ, ಆನಂದ, ಕಪ್ಪು ಕೋಟು ಹಾಕಿಕೊಂಡು ಒಳಗೆ ಕೂತೆವು. ಬಿಳಿ ಚಿತ್ರ ಬಂದ ಕೂಡಲೇ ಪೆನ್ಸಿಲ್ ಎತ್ತಿಕೊಂಡೆ. ಮೂಲೆಯಿಂದ ಮೂಲೆಯವರೆಗೆ ಪೆಟ್ಟಿಗೆಯಲ್ಲಿ ಇಟ್ಟು ಮರೆತ ಹಳೆಯ ಬಿಳಿ ಪಂಚೆಯಂತೆ ಹಳದಿ. ನೀಲಿ ಸಾಲದೆ ಹೋದರೆ ಕೆಂಪು, ಹಸಿರು ಎರಡೇ ಸೇರಿ ಬಿಳಿ ಹೀಗೆ ಹಳದಿಯಾಗುತ್ತದೆ. ಪಾಪದ ಹುಡುಗಿ, ಎಂದುಕೊಂಡೇ ಹಾಳೆಯಲ್ಲಿ ಬರೆದೆ. ಹೊರಗೆ ಬಂದು ನೋಡಿದರೆ ಉಳಿದಿಬ್ಬರೂ ಬಿಳಿ ಚಿತ್ರಕ್ಕೇ ಗುರುತು ಹಾಕಿದ್ದರು. ರೇಣುಕಾಳದು "ಬಿಳಿ ಸರಿ ಇಲ್ಲ", ಆನಂದನದು "ಬಿಳಿಯಲ್ಲಿ ಏನೋ ಛಾಯೆ". ಮೀಟರು ಮಾತ್ರ ಬಿಳಿ ಸರಿಯಾಗಿಯೇ ಇದೆ ಎನ್ನುತ್ತಿತ್ತು.

ಮೂರ್ತಿ ಸರ್ ಮೀಟರಿನ ಹಾಳೆಯನ್ನು ಮಗುಚಿ ಇಟ್ಟರು. "ಮೂರು ಜನ ಬೇರೆ ಬೇರೆ ಕೂತು ಒಂದೇ ಮಾತು ಹೇಳ್ತಿದ್ದೀರಿ. ಈ ಮೀಟರಿನ ಕತೆ ನಮಗೆ ಮೊದಲೇ ಗೊತ್ತಲ್ಲ. ನೀಲಿ ದೊಡ್ಡದು ಮಾಡಿ, ಸೋಮವಾರ ಮಧ್ಯಾಹ್ನ ಡ್ರಾಯಿಂಗ್ ಹೋಗ್ಬೇಕು."

ರೇಣುಕಾ ತಿದ್ದಲು ಕೂತಳು. ನೀಲಿ ಬೆಳೆಯಿತು, ಕೆಂಪು ಕುಗ್ಗಿತು, ನಡುವಿನ ಸಂದಿ ಫ್ಯಾಕ್ಟರಿಯವರು ಕೊಟ್ಟ ಮಿತಿಯ ಅಂಚಿಗೆ ಬಂದು ನಿಂತಿತು.

"ಏನ್ ರೇಣು, ನಿನ್ ಸೈಟಲ್ಲಿ ರೋಡ್ ವೈಡನಿಂಗ್ ಬಂತಾ?" ಎಂದ ಆನಂದ.

"ಹೂನಪಾ, ಕಾಂಪೌಂಡೆಲ್ಲ ಹೋತು," ಎಂದಳು. ನಗಲಿಲ್ಲ. ಆಮೇಲೆ ನನಗೆ ಮಾತ್ರ ಕೇಳುವಂತೆ, "ಇಷ್ಟು ಸಣ್ಣ ಸಂದ್ಯಾಗ ಬಣ್ಣ ಸೋರಿದ್ರ ಏನ್ ಮಾಡೂದ್ರಿ ಮೇಡಂ?" ಎಂದಳು. ಮಿತಿಯೊಳಗೇ ಇದೆಯಲ್ಲ ಎಂದು ಸಮಾಧಾನ ಹೇಳಿದೆ. ನನಗೂ ಸಮಾಧಾನವಿರಲಿಲ್ಲ.

ಆ ಶನಿವಾರ ಚಿಕ್ಕಬಾಣಾವರದಲ್ಲಿ ತಂಗಿ ವಿಮಲಾಳ ಮೊಮ್ಮಗುವಿನ ನಾಮಕರಣ. ನೇವಿ ಬ್ಲೂ ರೇಷ್ಮೆ ಸೀರೆ ಉಟ್ಟು ಹೋದೆ. ತಟ್ಟೆ ಹಿಡಿದು ಬಂದ ವಿಮಲಾ ನಿಂತುಬಿಟ್ಟಳು.

"ಇದೇನಕ್ಕ, ನೀಲಿ ಸೀರೆಗೆ ಕಪ್ಪು ಬ್ಲೌಸು?"

"ಕಪ್ಪೆಲ್ಲಿ ಬಂತೇ? ಇದೇ ಸೀರೆಯ ಬ್ಲೌಸು ಕಣೆ."

"ಬಾ ಇಲ್ಲಿ ಬಿಸಿಲಿಗೆ. ಊರೋರ ಫೋನಿಗೆಲ್ಲ ಬಣ್ಣ ನೋಡೋ ಇಂಜಿನಿಯರಮ್ಮ ನೀನೇನಾ?"

ಅಂಗಳದಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಸೆರಗನ್ನೂ ತೋಳನ್ನೂ ಪಕ್ಕಪಕ್ಕ ಹಿಡಿದು ಬಿಸಿಲಿನಲ್ಲಿ ನೋಡಿದೆ. ಎರಡೂ ಒಂದೇ ಬಣ್ಣ. ಇನ್ನೊಮ್ಮೆ ನೋಡಿದೆ. ಒಂದೇ.

ಊಟದ ಎಲೆ ಹಾಕುತ್ತಿದ್ದಾಗ ನಾನು ಮಹಡಿ ಹತ್ತಿದೆ. ತಂತಿಯ ಮೇಲೆ ಒಗೆದ ಬಿಳಿ ಬೆಡ್‌ಶೀಟು ಒಣಗುತ್ತಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ, ಚಹಾ ಸೋಸಿದ ಬಟ್ಟೆಯ ಬಣ್ಣ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದೆ, ಬೆಡ್‌ಶೀಟು ಸುಮಾರು ಬಿಳಿಯಾಯಿತು. ಮತ್ತೆ ಅದಲು ಬದಲು ಮಾಡಿದೆ. ಬೆಡ್‌ಶೀಟು ನನ್ನ ಕಣ್ಣಿನ ಜೊತೆಗೇ ಬಣ್ಣ ಬದಲಿಸುತ್ತಿತ್ತು. ಕತ್ತಲ ಕೋಣೆಯಲ್ಲಿ ಭೂತಗನ್ನಡಿಗೆ ನಾನು ಇಡುತ್ತಿದ್ದದ್ದು ಯಾವಾಗಲೂ ಎಡಗಣ್ಣು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ.

ಸಂಜೆಯೇ ಕಣ್ಣಿನ ಆಸ್ಪತ್ರೆಗೆ ಹೋದೆ. ಡಾಕ್ಟರು ಚಿಕ್ಕ ಹುಡುಗಿ. "ಎರಡೂ ಕಣ್ಣಲ್ಲಿ ಪೊರೆ ಇದೆ ಆಂಟಿ, ಎಡಗಡೆ ಜಾಸ್ತಿ. ಪೊರೆ ಹಳದಿ ಆಗ್ತಾ ಆಗ್ತಾ ನೀಲಿ ಬೆಳಕು ಒಳಗೆ ಹೋಗೋದು ಕಡಿಮೆ ಆಗುತ್ತೆ. ನಿಧಾನಕ್ಕೆ ಆಗೋದ್ರಿಂದ ಯಾರಿಗೂ ಗೊತ್ತಾಗಲ್ಲ. ಓದೋಕೆ ತೊಂದರೆ ಇದೆಯಾ?"

"ಇಲ್ಲ."

"ಹಾಗಾದ್ರೆ ಅರ್ಜೆಂಟ್ ಏನಿಲ್ಲ ಬಿಡಿ. ಆರಾಮಾಗಿ ಆಪರೇಷನ್ ಮಾಡಿಸ್ಕೋಬಹುದು."

ಅರ್ಜೆಂಟ್ ಏನಿಲ್ಲವಂತೆ. ಸೋಮವಾರ ಮಧ್ಯಾಹ್ನ ಡ್ರಾಯಿಂಗ್ ಹೋಗುವುದಿತ್ತು.

ಅಂದು ನನಗಿದ್ದ ಒಂದೇ ಆಸರೆ ಏನೆಂದರೆ, ಉಳಿದಿಬ್ಬರೂ ಅದನ್ನೇ ಬರೆದಿದ್ದರು. ಅವರದು ಎಳೆಯ ಕಣ್ಣು, ಪೊರೆಯೂ ಇಲ್ಲ ಏನೂ ಇಲ್ಲ. ಅವರಿಗೂ ಬಿಳಿ ಕೆಟ್ಟು ಕಂಡಿದೆ ಎಂದರೆ ಪರದೆಯೇ ಹಳದಿ, ನನ್ನ ಕಣ್ಣೂ ಹಳದಿ, ಎರಡೂ ನಿಜವಿರಬಹುದು. ಹೀಗೆ ಅಂದುಕೊಂಡು ಭಾನುವಾರ ಎದ್ದೆ. ಕಾಫಿ ಸೋಸುವಾಗ ಆ ಎರಡು ಹಾಳೆಗಳು ನೆನಪಾದವು. ಸರಿ ಇಲ್ಲ ಎಂದು ಒಂದರಲ್ಲಿ, ಏನೋ ಛಾಯೆ ಎಂದು ಇನ್ನೊಂದರಲ್ಲಿ. ಹಳದಿ ಎಂಬ ಶಬ್ದ ಇದ್ದದ್ದು ನನ್ನ ಹಾಳೆಯಲ್ಲಿ ಮಾತ್ರ. ಕಣ್ಣೆದುರು ಗೋಡೆಯಷ್ಟು ದೊಡ್ಡ ಹಳದಿ ಇದ್ದರೆ ಯಾರಾದರೂ ಅದರ ಹೆಸರು ಬರೆಯದೆ ಇರುತ್ತಾರೆಯೇ?

ರೇಣುಕಾಳಿಗೆ ಫೋನ್ ಮಾಡಿ, ಬಸ್ಸು ಹಿಡಿದು ಚಂದಾಪುರಕ್ಕೆ ಹೋದೆ. ಮೂರನೆಯ ಮಹಡಿಯ ಒಂದು ಕೋಣೆ, ಒಂದು ಅಡಿಗೆಮನೆ. ಅಣ್ಣ ಶಿಫ್ಟಿಗೆ ಹೋಗಿದ್ದ. ಮೆಟ್ಟಿಲು ಹತ್ತುವಾಗಲೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಬರ್ರಿ ಮೇಡಂ, ಕೂಡ್ರಿ. ಏನರೆ ತಪ್ಪಾಗೇತೇನ್ರಿ ಡ್ರಾಯಿಂಗಿನ್ಯಾಗ?" ಕೈಯಲ್ಲಿ ಹಿಟ್ಟು, ಮುಖದಲ್ಲಿ ಗಾಬರಿ.

"ಡ್ರಾಯಿಂಗ್ ಅಲ್ಲ. ಆವತ್ತು ಬಿಳಿ ಚಿತ್ರ ಬಂತಲ್ಲ, ನಿನಗೆ ಏನು ಕಾಣಿಸ್ತು?"

"ಹಳದಿ ರಿ."

"ಹಾಗಂತ ನೀನು ಬರೀಲಿಲ್ಲವಲ್ಲ. ಸರಿ ಇಲ್ಲ ಅಂತಷ್ಟೇ ಬರೆದಿದ್ದೆ."

ಅವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿದಳು. ಅದು ಉಬ್ಬಿ ಇಳಿಯಿತು.

"ನಿಮ್ಮ ಪೆನ್ಸಿಲ್ ಸಪ್ಪಳ ಆತ್ರಿ," ಎಂದಳು.

"ಪೆನ್ಸಿಲ್ಲಾ?"

"ಚಲೋ ಇದ್ರ ಯಾರೂ ಏನೂ ಬರ್ಯೂದಿಲ್ಲಲ್ರಿ. ಪೆನ್ಸಿಲ್ ಕರಕರ ಅಂತಂದ್ರ ಅಲ್ಲಿ ಏನೋ ಐತಿ ಅಂತ. ಬಿಳಿ ಬಂದ ಕೂಡ್ಲೆ ನೀವು ಬರ್ಯಾಕ ಹತ್ತಿದ್ರಿ. ನಂಗೇನೂ ಕಾಣ್ಲಿಲ್ಲ. ಕಣ್ಣು ತಿಕ್ಕೊಂಡು ನೋಡ್ದೆ, ಆಗೂ ಕಾಣ್ಲಿಲ್ಲ. ನನ್ನ ಕಣ್ಣಿಗಿನ್ನೂ ರೂಢಿ ಆಗಿಲ್ಲ ಅಂದ್ಕೊಂಡು ಬರದ್ಬಿಟ್ಟೆ."

"ಆನಂದ?"

"ಅವನೂ ಹಂಗರಿ. ಮೇಡಂ ರೇಡಿಯೋ ಶುರು ಆತು ನೋಡು, ಅಂತ ನಗ್ತಿರ್ತಾನ್ರಿ ಹೊರಗ ಬಂದು."

ರೇಡಿಯೋ. ಗೂಡಿಗೆ ಗೂಡು ಕಾಣದಂತೆ ದಪ್ಪ ಪರದೆ ಹೊಲಿಸಿದವಳು ನಾನು. ಮಾತಾಡಬೇಡಿ, ಕೆಮ್ಮಬೇಡಿ ಎಂದವಳು ನಾನು. ಆ ನಿಶ್ಶಬ್ದದಲ್ಲಿ ಕೇಳುತ್ತಿದ್ದ ಒಂದೇ ಸದ್ದು ನನ್ನ ಪೆನ್ಸಿಲ್ಲಿನದು. ಮೂರ್ತಿ ಸರ್ ಮೂರು ಜನರ ಮಾತು ಎಂದು ನಂಬಿದ್ದು ಒಂದೇ ಕಣ್ಣಿನ ಮಾತು, ಅದೂ ಪೊರೆ ಬಂದ ಎಡಗಣ್ಣಿನದು.

"ಅದು ನಿನ್ನ ಡಿಸೈನ್ ಕಣಮ್ಮ. ನಿನಗೆ ಸರಿ ಕಂಡಿದ್ದರೆ ಬರೀದೆ ಬಿಡಬಾರದಿತ್ತಾ?"

"ನನ್ನ ಡಿಸೈನ್ ಅಂತನ ಬರದ್ನಿರಿ. ಮೇಡಂ ತಪ್ಪು ಹಿಡದಿದ್ದು, ಮಾಡಿದಾಕಿಗಷ್ಟ ಸರಿ ಕಂಡ್ರ, ನೋಡಿದವ್ರು ಏನಂತಾರ?"

ನನ್ನ ಕಣ್ಣಿನ ವಿಷಯ ಹೇಳಿದೆ. ಅವಳು ಸ್ಟವ್ ಆರಿಸಿ, ಕೈಯನ್ನು ಚೂಡಿದಾರಕ್ಕೇ ಒರೆಸಿಕೊಂಡು ನನ್ನೆದುರು ನೆಲದ ಮೇಲೆ ಕೂತಳು.

"ಹಂಗಾದ್ರ ನಂದು ಚಲೋನ ಐತೇನ್ರಿ?"

"ಗೊತ್ತಿಲ್ಲ ರೇಣುಕಾ. ನನಗೆ ಗೊತ್ತಾಗೋ ಹಾಗಿಲ್ಲ. ನೀವಿಬ್ಬರೂ ಇನ್ನೂ ನೋಡೇ ಇಲ್ಲ."

ಊಟ ಮಾಡದೆ ಬಿಡಲಿಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿ.

ಸೋಮವಾರ ಬೆಳಿಗ್ಗೆ ಮೂರ್ತಿ ಸರ್ ಎದುರು ಕೂತು ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿ ಬಂದರು.

"ಹಾಗಾದ್ರೆ ಇದುವರೆಗೂ ನಾವು ಪಾಸ್ ಮಾಡಿದ್ದೆಲ್ಲ?"

"ಅವನ್ನೆಲ್ಲ ಮೀಟರೂ ಒಪ್ಪಿತ್ತು ಸರ್. ಬಣ್ಣದ ವಿಷಯದಲ್ಲಿ ಜಗಳ ಬಂದಿರೋದು ಇದೊಂದರಲ್ಲೇ."

"ಮಧ್ಯಾಹ್ನಕ್ಕೆ ನಾನೇನು ಕಳಿಸ್ಲಿ? ಹಳೇದಾ, ಹೊಸದಾ?"

"ಅವರಿಬ್ಬರೂ ಮತ್ತೆ ನೋಡಲಿ. ಒಬ್ಬೊಬ್ಬರೇ. ನಾನು ಹೊರಗಿರ್ತೀನಿ."

ಅವರಿಗೆ ಸಿಟ್ಟಿತ್ತು, ಅದನ್ನು ಆಮೇಲೆ ತೀರಿಸಿಕೊಳ್ಳಲು ಎತ್ತಿಟ್ಟುಕೊಂಡದ್ದು ಮುಖದಲ್ಲಿ ಕಾಣುತ್ತಿತ್ತು. ಆದರೆ ಕೆಲಸ ಗೊತ್ತಿದ್ದ ಮನುಷ್ಯ. ಗುರುತಿಲ್ಲದಂತೆ ಮೂರು ಪರದೆಗಳನ್ನು ತಾವೇ ಜೋಡಿಸಿದರು. ಒಂದು, ಎಲ್ಲರೂ ಒಪ್ಪಿದ ಹಳೆಯ ಪರದೆ. ಇನ್ನೊಂದರಲ್ಲಿ ಬೇಕೆಂದೇ ನೀಲಿಯನ್ನು ಇಳಿಸಿದ್ದರು. ಮೂರನೆಯದು ರೇಣುಕಾಳದು. ಯಾವುದು ಎಲ್ಲಿದೆ ಎಂದು ಅವರಿಗೆ ಮಾತ್ರ ಗೊತ್ತು. ಚಿತ್ರ ಚೆನ್ನಾಗಿದ್ದರೂ ಚೆನ್ನಾಗಿದೆ ಎಂದು ಬರೆಯಲೇಬೇಕು, ಏನೂ ಬರೆಯದೆ ಬಿಡುವಂತಿಲ್ಲ ಎಂದು ಹೇಳಿದರು.

ಮೊದಲು ರೇಣುಕಾ ಹೋದಳು. ಬಾಗಿಲ ಹೊರಗಿನ ಬೆಂಚಿನಲ್ಲಿ ನಾನು ಕೂತೆ. ಏನನ್ನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಅವಳಿಗೆ ಹಳದಿ ಕಂಡರೆ ನನ್ನ ಕಣ್ಣು ಗೆದ್ದಿತು, ಅವಳ ಪಿಕ್ಸೆಲ್ ಸೋತಿತು. ಕಾಣದಿದ್ದರೆ ಇಷ್ಟು ವರ್ಷ ನಾನು ಯಾವುದರಿಂದ ಅನ್ನ ತಿಂದೆನೋ ಅದು ಮುಗಿಯಿತು. ಅವಳು ಹೊರಗೆ ಬಂದು ಹಾಳೆಯನ್ನು ಮೂರ್ತಿ ಸರ್ ಕೈಗೆ ಕೊಟ್ಟು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಆನಂದ ಕೋಟು ಹಾಕಿಕೊಂಡು ಒಳಗೆ ಹೋದ. ಅಂದು ಅವನೂ ತಮಾಷೆ ಮಾಡಲಿಲ್ಲ. ಅವನು ಬರುವವರೆಗೆ ನಾವಿಬ್ಬರೂ ಎದುರಿನ ಗೋಡೆಯ ಮೇಲಿದ್ದ ಫೈರ್ ಎಕ್ಸಿಟ್ ನಕ್ಷೆಯನ್ನು ನೋಡುತ್ತಿದ್ದೆವು.

ಎರಡು ಹಾಳೆಗಳನ್ನೂ ಮೇಜಿನ ಮೇಲೆ ಇಟ್ಟರು. ನೀಲಿ ಇಳಿಸಿದ ಪರದೆಯನ್ನು ಇಬ್ಬರೂ ಸರಿಯಾಗಿ ಹಿಡಿದಿದ್ದರು, ಇಬ್ಬರೂ ಹಳದಿ ಎಂದು ಹೆಸರು ಹಿಡಿದು ಬರೆದಿದ್ದರು. ರೇಣುಕಾಳ ಪರದೆಗೆ ಇಬ್ಬರದೂ, ಬಿಳಿ ಚೆನ್ನಾಗಿದೆ. ಅಷ್ಟೇ ಆಗಿರಲಿಲ್ಲ. ಕೆಳಗಿನ ಎಡಮೂಲೆಯಲ್ಲಿ ಸ್ವಲ್ಪ ನೀಲಿ ಜಾಸ್ತಿ ಇದೆ ಎಂದು ಇಬ್ಬರೂ ಬರೆದಿದ್ದರು. ಒಂದೇ ಮೂಲೆ, ಒಂದೇ ಬಣ್ಣ, ರೇಡಿಯೋ ಇಲ್ಲದೆ. ಮೂರ್ತಿ ಸರ್ ಮೀಟರನ್ನು ಆ ಮೂಲೆಗೆ ಹಿಡಿದರು. ಅಲ್ಲಿಯವರೆಗೆ ಅದನ್ನು ನಡುವೆ ಮಾತ್ರ ಹಿಡಿಯುತ್ತಿದ್ದೆವು. ಮೀಟರೂ ಹೌದೆಂದಿತು.

ಮೂಲೆಯ ನೀಲಿ ದೊಡ್ಡ ರೋಗವಲ್ಲ. ಪರದೆಗೆ ಕೊಡುವ ಲೆಕ್ಕದಲ್ಲೇ ಆ ಭಾಗದ ನೀಲಿಯನ್ನು ತಗ್ಗಿಸಿದರೆ ಸಾಕು, ಅಚ್ಚನ್ನು ಮುಟ್ಟಬೇಕಿಲ್ಲ. ಆದರೆ ನಾವು ಬೆಳೆಸಿದ ನೀಲಿಯ ಡ್ರಾಯಿಂಗ್ ಹೋಗಿದ್ದರೆ ಇಡೀ ಪರದೆಯೇ ಆ ಮೂಲೆಯಂತಾಗುತ್ತಿತ್ತು, ಸಂದಿಗಳು ಏನಾಗುತ್ತಿದ್ದವೋ ಬೇರೆ ಮಾತು. ಮೂರ್ತಿ ಸರ್ ಕಂಪ್ಯೂಟರಿನಲ್ಲಿ ಹೊಸ ಡ್ರಾಯಿಂಗನ್ನು ಅಳಿಸಿ, ರೇಣುಕಾ ಮೊದಲು ಮಾಡಿದ್ದನ್ನೇ ಮತ್ತೆ ತೆರೆದರು. ಆನಂದ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, "ಸೈಟು ವಾಪಸ್ ಬಂತಲ್ಲ ರೇಣು, ಖಾತೆ ಮಾಡಿಸ್ಕೋ ಬೇಗ," ಅಂದ.

ಒಂದು ಕೆಲಸ ಉಳಿದಿತ್ತು. ಪರದೆಯನ್ನು ಕಣ್ಣಿನಿಂದ ನೋಡಿ ಕೊಡುವ ವರದಿಗೆ ನನ್ನದೇ ಸಹಿ ಬೇಕು, ಆ ಹೊಣೆ ಕಾಗದದ ಮೇಲೆ ಇನ್ನೂ ನನ್ನ ಹೆಸರಿನಲ್ಲೇ ಇತ್ತು. "ಸಹಿ ಹಾಕೋ ಮೊದಲು ಒಂದ್ಸಲ ನೀವೂ ನೋಡಿ ಬನ್ನಿ," ಎಂದರು ಮೂರ್ತಿ ಸರ್. ಬಹುಶಃ ಕರುಣೆಯಿಂದ ಹೇಳಿದ್ದು.

ಒಳಗೆ ಹೋಗಿ ರೇಣುಕಾಳ ಪರದೆಯ ಮುಂದೆ ಎಡಗಣ್ಣು ಇಟ್ಟೆ. ಹಳದಿ. ಬಲಗಣ್ಣು ಇಟ್ಟೆ. ಹಳದಿ ಸ್ವಲ್ಪ ಕಡಿಮೆ. ಮೂಲೆಯಲ್ಲಿ ನೀಲಿಯನ್ನು ಹುಡುಕಿದೆ, ನನ್ನ ಪಾಲಿಗೆ ಅಲ್ಲಿ ಏನೂ ಇರಲಿಲ್ಲ. ಇದು ಬಿಳಿ, ಇದು ಬಿಳಿ ಎಂದು ನನಗೇ ನಾನು ಹೇಳಿಕೊಂಡು ನೋಡಿದೆ. ಕಣ್ಣು ಕೇಳಲಿಲ್ಲ. ಹೊರಗೆ ಬಂದಾಗ ರೇಣುಕಾ ಬಾಗಿಲಲ್ಲೇ ನಿಂತಿದ್ದಳು.

"ಹ್ಯಾಂಗ ಕಾಣಸ್ತ್ರಿ ಮೇಡಂ?"

"ಹಳದಿ," ಅಂದೆ.

ಅವಳ ಮುಖ ಇಳಿಯಿತು. ನಾನು ಮೇಜಿನ ಹತ್ತಿರ ಹೋಗಿ, ಬಿಳಿ ಸರಿಯಾಗಿದೆ, ಕೆಳಗಿನ ಬಲಮೂಲೆಯಲ್ಲಿ ಅಲ್ಪ ನೀಲಿ ಛಾಯೆ ಎಂದು ವರದಿಯಲ್ಲಿ ಬರೆದೆ. ನೀಲಿಯಿಂದ ಸಹಿಯವರೆಗೆ ಪೆನ್ನು ಹೋಗಲು ಸಮಯ ಹಿಡಿಯಿತು. ಕಾಣದ್ದನ್ನು ಕಂಡಂತೆ ನಾನು ಎಂದೂ ಬರೆದವಳಲ್ಲ, ಬೇರೆಯವರ ಕಣ್ಣಿನ ಮೇಲೆ ನನ್ನ ಹೆಸರು ಇಟ್ಟವಳೂ ಅಲ್ಲ. ಆದರೂ ಸಹಿ ಹಾಕಿ, ಹಾಳೆಯನ್ನು ರೇಣುಕಾಳ ಕಡೆ ತಳ್ಳಿ, ಓದಿ ನೋಡು ಎಂದೆ.

ಅವಳು ಮೊದಲ ಸಾಲಿನಿಂದ ಓದಿದಳು. ಒಂದು ಕಡೆ ಬೆರಳು ನಿಂತಿತು.

"ಎಡಮೂಲಿ ರಿ ಮೇಡಂ," ಎಂದಳು. "ನೀವು ಬಲ ಅಂತ ಬರ್ದೀರಿ. ತಪ್ಪೈತಿ."

ಪೆನ್ನು ತೆಗೆದುಕೊಂಡು ಬಲ ಎಂಬುದನ್ನು ಹೊಡೆದು ಹಾಕಿ, ಎಡ ಎಂದು ಬರೆದೆ.